ಲವೆಲ್ ತಾನೇ ಕೈ ಎತ್ತಿದ

ಬಫೆಲೊ, ಸೋಮವಾರ

ಅಕ್ಕಾ,

ಟಿವಿಯಲ್ಲಿ ನೋಡಿ ನೀನು ಗಾಬರಿಯಾಗಿರುತ್ತೀಯ, ಅದಕ್ಕೇ ಮೊದಲು ಇದನ್ನು ಬರೆಯುತ್ತೇನೆ. ನನ್ನ ಮಗ ಲವೆಲ್ ಎದ್ದು ಓಡಾಡುತ್ತಿದ್ದಾನೆ, ಬೆಳಿಗ್ಗೆ ನಾಲ್ಕು ಮೊಟ್ಟೆ ತಿಂದ.

ಇಲ್ಲಿ ಮೊಣಕಾಲುದ್ದ ಹಿಮ. ನಿನ್ನೆ ಜನ ಸಲಿಕೆ ತಂದು ತಮ್ಮ ತಮ್ಮ ಸೀಟು ಅಗೆದುಕೊಂಡು ಫುಟ್‌ಬಾಲ್ ಆಟ ನೋಡಿದರು. ಎದುರಾಳಿ ಚೆಂಡು ಅವುಚಿಕೊಂಡು ನುಗ್ಗಿದಾಗ ಲವೆಲ್ ಅಡ್ಡ ಬಂದು ಡಿಕ್ಕಿ ಹೊಡೆದ ರಭಸಕ್ಕೆ ಚೆಂಡು ಹಾರಿಹೋಯಿತು. ಎಲ್ಲರೂ ಕುಣಿಯುತ್ತಿದ್ದರೆ ಇವನು ತಾನೇ ಕೈ ಎತ್ತಿ, ತಲೆ ಗುಂಯ್ ಅನ್ನುತ್ತಿದೆ ಎಂದು ಡಾಕ್ಟರನ್ನು ಕರೆದ. ಯಾರೂ ಅವನನ್ನು ಕೇಳಿರಲಿಲ್ಲ.

ಪ್ರತಿ ವರ್ಷ ಪಂದ್ಯಗಳು ಶುರುವಾಗುವ ಮುಂಚೆ ಜುಲೈಯಲ್ಲಿ ನೆನಪಿನ ಪರೀಕ್ಷೆ ಮಾಡುವಾಗ ಆಟಗಾರರು ಬೇಕಂತಲೇ ತಪ್ಪು ಹೇಳುತ್ತಾರಂತೆ. ಆಮೇಲೆ ತಲೆಗೆ ಪೆಟ್ಟು ಬಿದ್ದು ಮತ್ತೆ ಪರೀಕ್ಷೆ ಮಾಡಿದರೂ ಅಷ್ಟೇ ಅಂಕ ಬರುತ್ತದೆ, ಆಡಲು ಬಿಡುತ್ತಾರೆ. ಇವನು ಎಲ್ಲ ಸರಿಯಾಗಿ ಹೇಳಿದ್ದ, ಅದಕ್ಕೇ ನಿನ್ನೆ ಅಂಕ ಇಳಿದದ್ದು ಗೊತ್ತಾಗಿ ಡಾಕ್ಟರು ಸದ್ಯಕ್ಕೆ ಆಡಬೇಡ ಅಂದರು. ಜೊತೆಗಾರ ಕಾರ್ನೆಲ್ ಮನೆಗೇ ಬಂದು ಬೈದ.

"ಎಂಥಾ ದಡ್ಡನೋ ನೀನು, ಮುದುಕಾ. ಅವತ್ತು ಎರಡು ತಪ್ಪು ಹೇಳಿದ್ದಿದ್ರೆ ಮುಂದಿನ ವಾರ ಆಡ್ತಿದ್ದೆ. ಈಗ ಆ ಹೊಸಬ ನಿನ್ ಜಾಗಕ್ಕೆ ಬಂದ್ರೆ ಬಿಟ್ಟುಕೊಡ್ತಾನಾ?"

"ನಾನು ಹೊಸಬನಾಗಿ ಬಂದಾಗ ಹಳಬನಿಗೆ ಬಿಟ್ಟುಕೊಟ್ಟಿದ್ನಾ? ಆಟ ಇನ್ನೊಂದು ವರ್ಷ ಕಣೋ. ಈ ತಲೆ ಇನ್ನೂ ನಲವತ್ತು ವರ್ಷ ಬೇಕು."

ನಾನು ಪಾತ್ರೆ ತೊಳೆಯುತ್ತಿದ್ದೆ. ಅವನು ಕಪ್ ಗೆದ್ದ ದಿನವೂ ನನಗೆ ಇಷ್ಟು ಹೆಮ್ಮೆ ಆಗಿರಲಿಲ್ಲ ಅಕ್ಕಾ. ಆದರೂ ಅವನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ಮಾತಾಡಿಸುತ್ತಲೇ ಇರುತ್ತೇನೆ.

ನನ್ನ ಬಿ.ಪಿ. ಮಾತ್ರೆ ನಿನ್ನ ಅಡುಗೆಮನೆಯಲ್ಲೇ ಉಳಿದಿದೆ, ಬೇಗ ಕಳಿಸು. ಈ ಕಾರ್ಡಿನಲ್ಲಿ ಬರೆಯಲು ಜಾಗ ಮುಗಿಯುತ್ತಾ ಬಂತು. ಬರುವ ಭಾನುವಾರ ಅವನು ಸೋಫಾದಲ್ಲಿ ನನ್ನ ಪಕ್ಕ ಕೂತು ಆಟ ನೋಡುತ್ತಾನೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನೂ ಕಣ್ಣು ಮುಚ್ಚಿಕೊಳ್ಳದೆ ನೋಡುತ್ತೇನೆ.

ನಿನ್ನ ತಂಗಿ,
ಅರ್ನೆಟಾ