ಅಕ್ಕ ಬರೆಸಿದ ಹೆಸರು

ತುಮಕೂರು
14 ನವೆಂಬರ್ 2024

ಅಕ್ಕಾ,

ಆರೋಗ್ಯವೇ? ಕಾಲಿನ ಊತ ಇಳಿಯಿತೇ? ಮರ್ಯಾದೆಗೆಂದು ಕೇಳುತ್ತಿಲ್ಲ, ನಿನಗೆ ಮರ್ಯಾದೆ ಕೊಡುವ ಮನಸ್ಸು ಈಗ ನನಗಿಲ್ಲ. ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ, ಚನ್ನೇಶ್ ಭಾವನ ಫೋನನ್ನೂ ನೀನೇ ಕಟ್ ಮಾಡುತ್ತೀಯ. ಅದಕ್ಕೇ ಕುಣಿಗಲ್ಲಿಗೆ ಈ ಕಾಗದ. ಅಮ್ಮ ಚೆನ್ನಾಗಿದ್ದಾಳೆ. ನನ್ನ ಲೂಪಸ್ ಕಾಯಿಲೆಯೂ ಚೆನ್ನಾಗಿದೆ, ಕೆನ್ನೆಯ ಕೆಂಪು ಕರಗಿಲ್ಲ. ಬಿಸಿಲಿಗೆ ಹೋಗಬೇಡ ಎನ್ನುತ್ತಾರೆ ಡಾಕ್ಟರು, ಅಂತರಸನಹಳ್ಳಿ ಫ್ಯಾಕ್ಟರಿಗೆ ಬಿಸಿಲಲ್ಲೇ ಹೋಗಬೇಕಲ್ಲ.

ಹತ್ತು ದಿನದ ಹಿಂದೆ ಲ್ಯಾಬಿನಲ್ಲಿ ನಡೆದದ್ದನ್ನು ನೀನು ಮರೆತಿರಬಹುದು. ಹೆತ್ತವರ, ಒಡಹುಟ್ಟಿದವರ ರಕ್ತದಲ್ಲೂ ಲೂಪಸ್ಸಿನ ಈ ಆ್ಯಂಟಿಬಾಡಿ ಇರಬಹುದು, ಕೀಲುನೋವು ಇರುವವರು ಒಮ್ಮೆ ಟೆಸ್ಟ್ ಮಾಡಿಸಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದಕ್ಕೆ ನಿನ್ನನ್ನೂ ಅಮ್ಮನನ್ನೂ ಗೋಗರೆದು ಕರೆದುಕೊಂಡು ಹೋದೆ. ಅಮ್ಮ, "ಚಿಕ್ಕಮಾರಮ್ಮ" ಎಂದು ಲ್ಯಾಬಿಗೆಲ್ಲ ಕೇಳುವಂತೆ ತನ್ನ ಹೆಸರು ಹೇಳಿದಳು. ನೀನು? ನನ್ನ ಹೆಸರು, ನನ್ನ ವಯಸ್ಸು, ನನ್ನ ಮೊಬೈಲ್ ನಂಬರ್ ಬರೆಸಿ ರಕ್ತ ಕೊಟ್ಟೆ. ಯಾಕೆಂದು ಕೇಳಿದ್ದಕ್ಕೆ ನನ್ನ ಕೈ ಚಿವುಟಿ, "ಗುಬ್ಬಿಯೋರಿಗೆ ಗೊತ್ತಾದ್ರೆ ಮಗಳ ಸಂಬಂಧ ಮುರ್ಕೊಂಡ್ ಹೋಯ್ತದೆ ಕಣೇ. ನಿನ್ ಹೆಸ್ರು ಹೆಂಗೂ ಕೆಟ್ಟೈತೆ" ಎಂದೆ.

ನನ್ನ ಹೆಸರು ಕೆಟ್ಟಿಲ್ಲ. ನನಗೊಂದು ಕಾಯಿಲೆ ಇದೆ, ಅಷ್ಟೇ. ಮೊನ್ನೆ ಭಾನುವಾರ ಮಗಳ ನಿಶ್ಚಿತಾರ್ಥಕ್ಕೆ ನೀನು ಅಮ್ಮನನ್ನು ಕರೆದೆ, ನನ್ನನ್ನು ಕರೆಯಲಿಲ್ಲ. ಚಿಕ್ಕಮ್ಮ ಎಲ್ಲಿ ಎಂದು ಗುಬ್ಬಿಯಿಂದ ಬಂದ ಗಂಡಿನ ಕಡೆಯವರು ಕೇಳಿದರೆ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ ಎಂದೆಯಂತೆ. ನಿನ್ನ ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು ನಾನು. ಅವತ್ತು ಇಡೀ ದಿನ ಒಬ್ಬಳೇ ಕೂತು ಅತ್ತೆ, ಅತ್ತಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ನಿನ್ನನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅಮ್ಮ ನಿಮಗೆಲ್ಲ ಆಶೀರ್ವಾದ ತಿಳಿಸಿದ್ದಾಳೆ. ಭಾವನಿಗೆ ನಮಸ್ಕಾರ, ಮಗಳಿಗೆ ನನ್ನ ಪ್ರೀತಿ. ನಿನಗೆ ಏನೂ ಇಲ್ಲ.

ಅರುಣಾ

ವಿ.ಸೂ.: ನಿನ್ನ ರಿಪೋರ್ಟ್ ನಿನ್ನೆ ನನ್ನ ಮೊಬೈಲಿಗೆ ಬಂತು. ಪಾಸಿಟಿವ್. ಅಮ್ಮನದು ನೆಗೆಟಿವ್. ಈ ರಕ್ತ ನನ್ನದಲ್ಲ, ಅಕ್ಕನದು ಎಂದು ಡಾಕ್ಟರಿಗೆ ಹೇಳಿಬಿಟ್ಟೆ. ಆ್ಯಂಟಿಬಾಡಿ ಇದ್ದ ಮಾತ್ರಕ್ಕೆ ಕಾಯಿಲೆ ಎಂದಲ್ಲ, ಆದರೆ ಕಾಲು ಊದಿದ್ದರೆ ಕಿಡ್ನಿ ನೋಡಲೇಬೇಕು, ತಡ ಮಾಡಬೇಡಿ ಎಂದರು. ಬರುವ ಬುಧವಾರ ಹತ್ತು ಗಂಟೆಗೆ ನಿನ್ನ ಹೆಸರಿನಲ್ಲೇ ಟೋಕನ್ ತೆಗೆಸಿದ್ದೇನೆ. ಫ್ಯಾಕ್ಟರಿಗೆ ಎರಡು ದಿನ ರಜೆ ಹಾಕಿದ್ದೇನೆ. ಬುಧವಾರ ನೀನು ಬರದಿದ್ದರೆ, ಗುರುವಾರ ಬೆಳಿಗ್ಗೆ ನಾನು ಗುಬ್ಬಿ ಬಸ್ಸು ಹತ್ತುತ್ತೇನೆ.