ಎಣ್ಣೆಯ ತಪ್ಪಲ್ಲ, ಜಂಬಕ್ಕ

ಕೊಟ್ಟೂರು, ಸೋಮವಾರ

ಗುಡೇಕೋಟೆಯ ಜಂಬಕ್ಕನಿಗೆ,

ನಿನ್ನನ್ನು ತಂಗಿ ಎಂದೇ ಕರೆದವನು ನಾನು. ಇವತ್ತು ಆ ಮಾತು ಬರೆಯಲು ಕೈ ಬರುತ್ತಿಲ್ಲ. ನಿನಗೆ ಓದು ಬಾರದು, ಇದನ್ನು ನಿನ್ನ ಮಗಳು ಭೂಮಿಕಾ ಓದಿ ಹೇಳುತ್ತಾಳೆ. ಭೂಮಿಕಾ, ಒಂದಕ್ಷರ ಬಿಡದೆ ಓದವ್ವ. ಇದು ನಿಮ್ಮಪ್ಪನ ವಿಷಯ.

ಹಾಲೇಶಪ್ಪನ ಅಂಬಾಸಡರ್ ನಮ್ಮ ಗ್ಯಾರೇಜಿಗೆ ಬಂದದ್ದು ನಿನಗೆ ನೆನಪಿರಬೇಕು. ಅವರಪ್ಪ ಕೊಂಡಿದ್ದ ಕಾರು, ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕಿತ್ತು. ಅಂಥ ಹಳೇ ಇಂಜಿನ್ ಎಂದರೆ ನಿನ್ನ ಗಂಡ ಹುಲುಗೇಶನಿಗೆ ಊಟ ಬೇಡ, ನಿದ್ದೆ ಬೇಡ. ಅವನು ನಿಧಾನಸ್ಥ, ನಾನು ಸಿಡುಕ. ಇಪ್ಪತ್ತು ವರ್ಷ ಒಂದೇ ಶೆಡ್ಡಿನಲ್ಲಿ ಹೇಗೋ ಹೊಂದಿಕೊಂಡಿದ್ದೆವು.

ಇಂಜಿನ್ನಿನ ಹೊಟ್ಟೆಯಲ್ಲಿ ಕ್ಯಾಮ್ ಶಾಫ್ಟ್ ಎಂಬ ದಂಡ ಮೂರು ಬುಷ್‌ಗಳೊಳಗೆ ತಿರುಗುತ್ತದೆ. ಬುಷ್ ಎಂದರೆ ಬಳೆಯಂಥದು, ಅದಕ್ಕೊಂದು ತೂತು. ಆ ತೂತು ಇಂಜಿನ್ನಿನ ಮೈಯ, ಅಂದರೆ ಬ್ಲಾಕಿನ, ತೂತಿಗೆ ಸರಿಯಾಗಿ ಕೂತರೆ ಮಾತ್ರ ಒಳಗೆ ಆಯಿಲ್ ಬರುತ್ತದೆ. ಮೊದಲ ಸಲ ಚಾಲೂ ಮಾಡಿದಾಗ ಆಯಿಲ್ ಬಂದು ಮುಟ್ಟುವ ತನಕ ಒಣಗಿ ತಿಕ್ಕಬಾರದೆಂದು, ಹುಲುಗೇಶ ಅವಕ್ಕೆ ನೀನು ಕಾಯಿಸಿ ಕೊಟ್ಟ ಔಡಲೆಣ್ಣೆ ಸವರುತ್ತಿದ್ದ. "ಪ್ಯಾಟಿ ಆಯಿಲ್ ಜಾರತೈತಿ, ನಮ್ ಜಂಬಿ ಎಣ್ಣಿ ಹಿಡಕೊಂಡು ಕುಂದ್ರತೈತಿ" ಎನ್ನುತ್ತಿದ್ದ. ನಾನು ನಗುತ್ತಿದ್ದೆ. ಅವನು ಕಟ್ಟಿದ ಒಂದು ಇಂಜಿನ್ನೂ ವಾಪಸ್ ಬಂದಿರಲಿಲ್ಲ.

ಆ ಕಾರಿನ ಎರಡು ಬುಷ್ ಅವನೇ ಕೂರಿಸಿದ. ಅಷ್ಟರಲ್ಲಿ ನಿನ್ನ ಅತ್ತೆ ಗಾಳೆಮ್ಮನ ಕಣ್ಣಿನ ಆಪರೇಷನ್ನಿಗೆ ಹೊರಡಬೇಕಾಯಿತು. ಮೂರನೆಯದು ಕೂರುವ ಜಾಗದ ಅಂಚಿಗೆ, ತೂತಿನ ನೇರಕ್ಕೆ, ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ. "ಗುರು, ಅವಸರ ಮಾಡಬ್ಯಾಡಲೇ. ನಾ ಬಂದು ಕುಂದ್ರಿಸಿ, ತೂತಿಗೆ ತಂತಿ ಹಾಕಿ ನೋಡ್ತೀನಿ" ಎಂದು ಹೇಳಿ ಹೋದ.

ಮರುದಿನ ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಯಂತೆ ಸಾಮಾನು ತೊಳೆದು, ಬ್ಲಾಕಿಗೂ ವಿಭೂತಿ ಎಳೆದು, ಕಾಯಿ ಒಡೆದೆ. ಅದರ ಮಾರನೆಯ ದಿನ ಹಾಲೇಶಪ್ಪನಿಂದ ಫೋನಿನ ಮೇಲೆ ಫೋನು. ನನಗೆ ತಡೆಯಲಾಗಲಿಲ್ಲ. ಬ್ಲಾಕ್ ಒರೆಸಿದೆ. ಆ ಒರೆಸಾಟದಲ್ಲಿ ಅವನ ಸೀಮೆಸುಣ್ಣ ಅಳಿಸಿಹೋಗಿ, ನನ್ನ ವಿಭೂತಿಯದೊಂದು ಗೆರೆ ಉಳಿದಿತ್ತು. ಅದನ್ನೇ ಹುಲುಗೇಶನ ಗುರುತು ಎಂದುಕೊಂಡು, ಅದರ ನೇರಕ್ಕೆ ಬುಷ್ ಬಡಿದು ಕೂರಿಸಿದೆ. ಅವನು ಬಂದು, "ತಂತಿ ಹಾಕಿ ನೋಡಿದೇನಲೇ?" ಎಂದ. "ನೋಡೀನಿ" ಎಂದೆ. ನೋಡಿರಲಿಲ್ಲ. ಸುಳ್ಳಿಗೆ ದೊಡ್ಡ ಕಾರಣವೂ ಇರಲಿಲ್ಲ, ಅವನ ಕೈಲಿ ಬೈಸಿಕೊಳ್ಳಲು ಬೇಸರ, ಅಷ್ಟೇ. ಅವನು ನನ್ನನ್ನು ನಂಬಿ ಎಣ್ಣೆ ಸವರಿ ಶಾಫ್ಟ್ ಇಳಿಸಿದ.

ಕಾರು ಎರಡು ದಿನ ಓಡಿ ತೆಲಿಗಿ ಹತ್ತಿರ ಜಾಮ್ ಆಗಿ ನಿಂತಿತು. ಹಾಲೇಶಪ್ಪ ಗ್ಯಾರೇಜಿಗೆ ಬಂದು, "ಔಡಲೆಣ್ಣಿ ಅಂಟಾಗಿ ಇಂಜಿನ್ ಹಿಡಕಂಡೈತಿ" ಎಂದು ಎಲ್ಲರ ಮುಂದೆ ಕೂಗಾಡಿದ. ಹುಲುಗೇಶ ನನ್ನ ಮುಖ ನೋಡಿದ. ನಾನು ಸ್ಪ್ಯಾನರ್ ಒರೆಸುತ್ತ ನಿಂತೆ. "ಎಣ್ಣಿ ನಮ್ಮನೀದ್ರಿ, ತಪ್ಪು ನಂದ" ಎಂದು ಹುಲುಗೇಶನೇ ಅಂದುಬಿಟ್ಟ. ಆಮೇಲೆ ಯಾರೂ ಅವನ ಕೈಗೆ ಇಂಜಿನ್ ಕೊಡಲಿಲ್ಲ. ಜಲ್ಲಿ ಕ್ರಷರಿನ ಕೆಲಸಕ್ಕೆ ಹೋದ. ಅಲ್ಲಿ ಬೆಲ್ಟಿಗೆ ಸಿಕ್ಕ. ಮಣ್ಣಾದ ಮೂರನೇ ದಿನ ನೀನು ಎಣ್ಣೆ ಕಾಯಿಸುವ ಗಡಿಗೆಯನ್ನು ಅಂಗಳಕ್ಕೆ ಒಗೆದು, "ನನ್ನ ಕೈಯಾರ ನಾನ ಕೊಂದ್ನಲ್ಲೋ ಯಪ್ಪಾ" ಎಂದು ಅತ್ತೆ. ನಾನು ಅಲ್ಲೇ ಗೋಡೆಗೆ ಒರಗಿದ್ದೆ.

ಹಾಲೇಶಪ್ಪ ಬೇರೆ ಇಂಜಿನ್ ಹಾಕಿಸಿಕೊಂಡು ಆ ಹಳೇ ಇಂಜಿನ್ನನ್ನು ನಮ್ಮಲ್ಲೇ ಬಿಟ್ಟಿದ್ದ. ಎರಡು ವರ್ಷ ಬಿಚ್ಚುವ ಧೈರ್ಯ ನನಗೆ ಬರಲಿಲ್ಲ. ಮೊನ್ನೆ ಬಿಚ್ಚಿದೆ. ಅವನು ಕೂರಿಸಿದ ಎರಡು ಬುಷ್ ಇವತ್ತಿಗೂ ನುಣುಪಾಗಿವೆ. ನನ್ನದು ಸುಟ್ಟು ಕರ್ರಗಾಗಿದೆ. ಅದರ ತೂತಿನ ಎದುರಿಗೆ ಬರೀ ಕಬ್ಬಿಣ. ಒಂದು ಹನಿ ಆಯಿಲ್ ಒಳಗೆ ಬಂದಿಲ್ಲ. ಕಾರು ಎರಡು ದಿನವಾದರೂ ಓಡಿದ್ದು ನೀನು ಕಾಯಿಸಿದ ಎಣ್ಣೆಯ ಪುಣ್ಯದಿಂದ.

ನಿನ್ನೆ ಅದನ್ನು ಹಾಲೇಶಪ್ಪನಿಗೆ ತೋರಿಸಿ ಎಲ್ಲ ಹೇಳಿದೆ. "ಹೋದಾವ ತಿರುಗಿ ಬರ್ತಾನೇನು? ಸುಮ್ನ ಯಾಕ ಕೆದರ್ತಿ?" ಎಂದ. ಹುಲುಗೇಶ ಬರುವುದಿಲ್ಲ, ನನಗೂ ಗೊತ್ತು. ಆದರೆ ಗಂಡನನ್ನು ಕೊಂದವಳು ತಾನೇ ಎಂದುಕೊಂಡು ನೀನು ಎರಡು ವರ್ಷದಿಂದ ಒಲೆ ಮುಂದೆ ಕೂರುತ್ತಿದ್ದೀಯ. ಗುರುವಾರ ಮೊದಲ ಬಸ್ಸಿಗೆ ಬರುತ್ತೇನೆ. ಓಣಿಯವರನ್ನೆಲ್ಲ ಕರೆಸಿರು. ನಿನ್ನ ಅಂಗಳದಲ್ಲಿ ನಿಂತು ಇದನ್ನೇ ಹೇಳುತ್ತೇನೆ. ನನಗೆ ಕೂರು ಎನ್ನಬೇಡ, ನೀರು ಕೊಡಬೇಡ.

ಹರಸುವ ಯೋಗ್ಯತೆ ಉಳಿದಿಲ್ಲ, ಆದರೂ ಬರೆಯುತ್ತೇನೆ. ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮಗಳ ಬಾಳು ತಣ್ಣಗಿರಲಿ.

ನಿನ್ನ ಗಂಡನ ಸಾವಿಗೆ ಹೊಣೆಯಾದವನು,
ಗುರುಶಾಂತ