ಸಗಣಿ ಸಾರಿಸಿದ ಅಂಕಣ

ಮುಂಬಯಿ
೫ ಡಿಸೆಂಬರ್ ೧೯೮೧

ನನ್ನ ಜೀವದ ಅವ್ವನಿಗೆ,

ನಿನ್ನ ಯಮನೂರಿ ಇಲ್ಲಿಂದಲೇ ನಿನ್ನ ಕಾಲು ಮುಟ್ಟುತ್ತಾಳೆ. ಕಾಗದ ಓದಿ ಹೇಳುವ ನನ್ನ ಗೆಳತಿ ಮುಮ್ತಾಜಳಿಗೂ ಪ್ರೀತಿ. ಮುಮ್ತಾಜ್, ನಮ್ಮವ್ವ ನಡುನಡುವೆ ಬಾಯಿ ಹಾಕುತ್ತಾಳೆ. ನೀನು ನಿಲ್ಲಿಸಬೇಡ, ಓದುತ್ತಾ ಹೋಗು.

ಅವ್ವಾ, ನಿನಗೆ ಸಿಟ್ಟು ಬರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಲ ಎಳ್ಳಮವಾಸ್ಯೆಗೆ ಬರಲು ಆಗುವುದಿಲ್ಲ. ನಮ್ಮ ಕಂಪನಿಯವರು ನನ್ನನ್ನು ಟೆನಿಸ್ ಆಡಲು ಸಿಂಗಾಪುರಕ್ಕೆ ಕಳಿಸುತ್ತಿದ್ದಾರೆ. ಸಮುದ್ರದ ಆಚೆ, ವಿಮಾನದಲ್ಲಿ ಹೋಗಬೇಕು. ತಿರುಗಿ ಬರುವುದು ಯಾವಾಗ ಎಂದು ಯಾರೂ ಸರಿಯಾಗಿ ಹೇಳುತ್ತಿಲ್ಲ. ಹೊಲದಲ್ಲಿ ಭೂಮಿತಾಯಿಯ ಎಡೆ, ಚರಗ ಚೆಲ್ಲುವಾಗ ನನ್ನ ಹೆಸರು ಹೇಳಿ ಒಂದು ಹಿಡಿ ಚೆಲ್ಲು. ನನ್ನ ಪಾಲಿನ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಮುಮ್ತಾಜಳಿಗೆ ಕೊಡು. ಅವಳು ಬೇಡ ಎನ್ನುವವಳಲ್ಲ.

ನೀನು ಕಳಿಸಿದ ನೋವಿನ ಎಣ್ಣೆ ಬಂದು ಮುಟ್ಟಿತು. ಬಲಗೈ ಹೇಗಿದೆ ಎಂದು ಪ್ರತಿ ಕಾಗದದಲ್ಲೂ ಕೇಳುತ್ತೀಯ. ಈಗ ನೋವು ಇಲ್ಲವೇ ಇಲ್ಲ. ಡಾಕ್ಟರು ಛಲೋ ಔಷಧ ಮಾಡಿದರು. ಇನ್ನು ಮೇಲೆ ಎಣ್ಣೆ ಕಳಿಸಬೇಡ, ಸುಮ್ಮನೆ ಕೆಡುತ್ತದೆ.

ಪ್ರಯಾಣದ ತನಕ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದ್ದಾರೆ. ಕೆಲಸವಿಲ್ಲದೆ ಕೂತರೆ ನಮ್ಮ ಗಂಗಾವತಿಯೇ ನೆನಪಾಗುತ್ತದೆ. ಕಾಲುವೆ ಕ್ಯಾಂಪಿನ ಸಾಹೇಬರ ಕ್ಲಬ್ಬಿನಲ್ಲಿ ಟೆನಿಸ್ ಅಂಕಣಕ್ಕೆ ಸಗಣಿ ಹಾಕಿ ಸಾರಿಸುತ್ತಾರೆ, ಸಾರಿಸುವವಳು ನಮ್ಮವ್ವ ಎಂದರೆ ಇಲ್ಲಿಯ ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಅವರೇನು ನೋಡಿದ್ದಾರೆ? ನಸುಕಿಗೇ ಬುಟ್ಟಿ ಹೊತ್ತು ಹೋಗಿ, ಮೊಣಕಾಲೂರಿ, ಹಿಂದೆ ಹಿಂದೆ ಸರಿಯುತ್ತಾ ನೀನು ಬಲಗೈ ಬೀಸಿದರೆ ನೆಲದ ಮೇಲೆ ಗೆರೆಗಳು ಬಳೆಯ ಚೂರಿನ ಹಾಗೆ ಸಾಲಾಗಿ ಮೂಡುತ್ತಿದ್ದವು. ಒಮ್ಮೆ ನಿನಗೆ ಜ್ವರ ಬಂದು, ಅರ್ಧ ಕೆಲಸವನ್ನು ಭೀಮಕ್ಕ ಮಾಡಿದ್ದಳು. ಮರುದಿನ ಅಂಕಣಕ್ಕೆ ಕಾಲಿಟ್ಟವಳೇ ನೀನು ಒಂದು ಮೂಲೆ ತೋರಿಸಿ, "ಇಲ್ಲಿಂದ ಆಕಡಿ ಭೀಮಕ್ಕನ ಕೈ. ಆಕಿ ಮೊಣಕೈ ಬಗ್ಗಸಂಗಿಲ್ಲ" ಎಂದಿದ್ದೆ. ನಾನೂ ಮುಮ್ತಾಜಳೂ ಎಷ್ಟು ಹುಡುಕಿದರೂ ನಮಗೆ ಫರಕು ಕಾಣಲೇ ಇಲ್ಲ.

ಇಂಜಿನಿಯರರ ಹೆಂಡತಿ ಕೊಟ್ಟ ಹಳೆಯ ರ್‍ಯಾಕೆಟ್ ಹಿಡಿದು, ಸಾಹೇಬರು ಬರುವ ಮೊದಲು ನಾವಿಬ್ಬರೂ ಆಡುತ್ತಿದ್ದೆವು. ಚಪ್ಪಲಿ ಮೆಟ್ಟಿ ಬಂದರೆ ನೀನು ಬೆನ್ನಟ್ಟುತ್ತಿದ್ದೆ. ಸಗಣಿ ನೆಲದಲ್ಲಿ ಚೆಂಡು ಮೇಲೆ ಪುಟಿಯುವುದಿಲ್ಲ, ನೆಲ ಹಿಡಿದೇ ಬರುತ್ತದೆ. ಹಾಗಾಗಿ ಮೊಣಕಾಲು ಬಗ್ಗಿಸಿ ಆಡುವುದು ನನಗೆ ತಾನಾಗಿಯೇ ಬಂತು. ಇಲ್ಲಿಯ ಕೋಚ್ ಸಾಹೇಬರು ಇಷ್ಟು ಬಗ್ಗುವುದನ್ನು ಯಾರು ಕಲಿಸಿದರು ಎಂದು ಕೇಳಿದಾಗ ನಮ್ಮವ್ವ ಎಂದೆ. ಅವರು ನಿನ್ನನ್ನು ದೊಡ್ಡ ಆಟಗಾರ್ತಿ ಎಂದುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಹೈದರಾಬಾದಿನ ಮೊದಲ ಪಂದ್ಯದಲ್ಲಿ ಬರಿಗಾಲಿನವಳನ್ನು ಒಳಗೆ ಬಿಡುವುದಿಲ್ಲ ಎಂದಾಗ, ಮುಮ್ತಾಜಳ ಅಪ್ಪ ಶಬ್ಬೀರಸಾಬರು ತಮ್ಮ ಕ್ಯಾನ್ವಾಸ್ ಬೂಟು ಬಿಚ್ಚಿಕೊಟ್ಟರು. ತುದಿಗೆ ಅರಿವೆ ತುರುಕಿ ಆಡಿ ಗೆದ್ದೆ. ಗೆದ್ದು ಊರಿಗೆ ಬಂದರೆ ದುರಗಪ್ಪ ಕಾಕಾ, ಮೊಣಕಾಲು ತೋರಿಸಿ ಆಡುವವಳನ್ನು ಯಾರು ಮದುವೆ ಮಾಡಿಕೊಳ್ಳುತ್ತಾರೆ ಎಂದು ಓಣಿಯೆಲ್ಲ ಕೇಳುವಂತೆ ಕೂಗಾಡಿದ. ನೀನು, "ನಾನೂ ಮೊಣಕಾಲಮಟ ಸೀರಿ ಎತ್ತಿ ಕಟ್ಟೇ ಸಾರಸ್ತೀನಿ. ನನ್ನ ಯಾಕ ತಂದ್ರಿ ನಿಮ್ಮಣ್ಣಗ?" ಎಂದೆ. ಮುಂಬಯಿಯ ಕಂಪನಿ ಕೆಲಸಕ್ಕೆ ಕರೆದಾಗ ಮಾತ್ರ ನೀನೇ ನಂಬಲಿಲ್ಲ. "ಆಡಾಕ ಪಗಾರ ಕೊಡ್ತಾರಂದ್ರ ಅವರಿಗೆ ಬ್ಯಾರೆ ಉದ್ಯೋಗ ಇಲ್ಲೇನ?" ಎಂದು ಕೇಳಿದ್ದೆ.

ಅಂಕಣಕ್ಕೆ ಸಿಮೆಂಟ್ ಹಾಕಿಸುವ ಮಾತು ನಡೆದಿದೆ ಎಂದು ನೀನು ಹಿಂದಿನ ಕಾಗದದಲ್ಲಿ ಬರೆಸಿದ್ದೆ. ನನ್ನ ಮಗಳು ಬಂದು ಒಂದು ಸಲ ಆಡುವ ತನಕ ತಡೆಯಿರಿ ಎಂದು ಸಾಹೇಬರಿಗೆ ಕೈ ಮುಗಿದೆಯಂತೆ. ಅವ್ವಾ, ಹಾಕಿಸಿಕೊಳ್ಳಲಿ ಬಿಡು. ನನಗಾಗಿ ಯಾರನ್ನೂ ಕಾಯಿಸಬೇಡ. ನಿನಗೂ ವಯಸ್ಸಾಯಿತು, ಮೊಣಕಾಲು ಸವೆದಿವೆ.

ನಿನ್ನ ನೆನಪು ಬಹಳ ಆಗುತ್ತದೆ. ನಿನ್ನ ಮೈಯ ಸಗಣಿ ವಾಸನೆ ಸಣ್ಣವಳಿದ್ದಾಗ ನನಗೆ ನಾಚಿಕೆ ಎನಿಸುತ್ತಿತ್ತು. ಈಗ ಅದು ಸಿಕ್ಕರೆ ಸಾಕು ಎನಿಸುತ್ತದೆ.

ನಿನ್ನ ಮಗಳು,
ಯಮನೂರಿ

ತಾ.ಕ. ಮುಮ್ತಾಜ್, ಗಟ್ಟಿಯಾಗಿ ಓದುವುದನ್ನು ಇಲ್ಲಿಗೆ ನಿಲ್ಲಿಸು. ನನ್ನ ಹೆಸರು ಬಂದ ಮೇಲೆ ಮುಗಿಯಿತು ಎಂದು ಹೇಳಿ ಮಡಚಿಬಿಡು. ಈ ಸೊಟ್ಟ ಅಕ್ಷರ ನೋಡಿದಾಗಲೇ ನಿನಗೆ ಅನುಮಾನ ಬಂದಿರುತ್ತದೆ. ಅವ್ವನಿಗೆ ಅಕ್ಷರ ಬರುವುದಿಲ್ಲ, ಅದೊಂದೇ ನನ್ನ ಧೈರ್ಯ. ಎಡಗೈಯಿಂದ ಬರೆದಿದ್ದೇನೆ. ಬಲಗೈ ಇಲ್ಲ. ಎಲುಬಿನಲ್ಲಿ ಕ್ಯಾನ್ಸರ್ ಎಂದು ಭುಜದಿಂದಲೇ ತೆಗೆದರು. ಪುಣೆಯಲ್ಲಿ ಗೆದ್ದಾಗಲೇ ತೋಳು ಬಾತಿತ್ತು. ಆಡುವವರ ಕೈ ಬಾಯುವುದು ಇದ್ದದ್ದೇ ಎಂದುಕೊಂಡು ಪಟ್ಟಿ ಸುತ್ತಿ ಆಡಿದ್ದೆ. ಈಗ ರೋಗ ಶ್ವಾಸಕೋಶಕ್ಕೂ ಇಳಿದಿದೆ. ಯುಗಾದಿ ಕಾಣುತ್ತೇನೆಯೇ ಎಂದು ಕೇಳಿದರೆ ಡಾಕ್ಟರು ಕಿಟಕಿ ಕಡೆ ನೋಡಿದರು. ಸಿಂಗಾಪುರ ಸುಳ್ಳು. ನೋವಿಲ್ಲ ಎಂದದ್ದೂ ಸುಳ್ಳು, ಇಲ್ಲದ ಕೈ ನೋಯುತ್ತದೆ. ಹೀಗಾದ ನನ್ನನ್ನು ಅವ್ವ ನೋಡಬಾರದು. ಅವಳ ಕಣ್ಣಲ್ಲಿ ನಾನು ಆಡುತ್ತಲೇ ಇರಲಿ. ಇದೊಂದು ನಡೆಸಿಕೊಡು.

ಗಂಗಾವತಿ
೧೪ ಡಿಸೆಂಬರ್ ೧೯೮೧

ಮಗಳು ಯಮನೂರಿಗೆ ಅವ್ವ ಪಕೀರಮ್ಮನ ಆಶೀರ್ವಾದ. ನಾನು ಹೇಳುತ್ತಿದ್ದೇನೆ, ಮುಮ್ತಾಜಬೇಗಂ ಬರೆಯುತ್ತಿದ್ದಾಳೆ.

ನಿನ್ನ ಕಾಗದ ಕೇಳಿ ಸಂತೋಷವಾಯಿತು. ಸಿಂಗಾಪುರಕ್ಕೆ ಹೋಗಿ ಬಾ. ನನಗೇನೂ ಸಿಟ್ಟಿಲ್ಲ. ವಿಮಾನದಲ್ಲಿ ಅಂಜಿಕೆಯಾದರೆ ನಾನು ಹರಕೆ ಹೊತ್ತು ನಿನ್ನನ್ನು ಪಡೆದ ಯಮನೂರಪ್ಪನ ಹೆಸರು ಹೇಳು. ಚರಗದಲ್ಲಿ ನಿನ್ನ ಹಿಡಿ ಚೆಲ್ಲುತ್ತೇನೆ. ದುರಗಪ್ಪ ಓಣಿಯವರಿಗೆಲ್ಲ ನಮ್ಮ ಹುಡುಗಿ ಪರದೇಶಕ್ಕೆ ಹೋಗುತ್ತಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಸಿಮೆಂಟಿನವರು ಇನ್ನೂ ಬಂದಿಲ್ಲ. ಅಂಕಣ ಸಾರಿಸಿಯೇ ಇಟ್ಟಿರುತ್ತೇನೆ.

ಹೊಟ್ಟೆ ತುಂಬ ಉಣ್ಣು. ಅಲ್ಲಿ ನಿನಗೆ ತಲೆ ಬಾಚಿ ಜಡೆ ಹಾಕುವವರು ಯಾರಾದರೂ ಇದ್ದಾರೆಯೇ? ಇಲ್ಲದಿದ್ದರೆ ನಾಚಿಕೊಳ್ಳದೆ ಯಾರನ್ನಾದರೂ ಕೇಳು.

ನಿನ್ನ ಅವ್ವ,
ಪಕೀರಮ್ಮ
(ಹೆಬ್ಬೆಟ್ಟು)

ತಾ.ಕ. ಯಮನೂರಿ, ಇದು ನಾನು, ಮುಮ್ತಾಜ್. ಇದನ್ನು ಬರೆಯುವುದಿಲ್ಲ ಎಂದು ನಿಮ್ಮವ್ವನಿಗೆ ಮಾತು ಕೊಟ್ಟಿದ್ದೆ. ಬರೆಯದೆ ಇರಲಾರೆ. ನೀನು ಹೇಳಿದಂತೆಯೇ ನಿನ್ನ ಹೆಸರಿಗೆ ನಿಲ್ಲಿಸಿ ಕಾಗದ ಮಡಚಿದೆ. ಅವಳು ಎದ್ದು ಹೋಗಿ, ಟ್ರಂಕಿನಿಂದ ನಿನ್ನ ಹಳೆಯದೊಂದು ಕಾಗದ ತಂದು ಎರಡನ್ನೂ ಅಕ್ಕಪಕ್ಕ ಹಾಸಿದಳು. ಬಹಳ ಹೊತ್ತು ನೋಡಿದಳು. "ಇದು ಆಕಿ ಬಲಗೈ ಅಲ್ಲ ಮುಮ್ತಾಜ. ಗೆರಿ ಎಲ್ಲಾ ಆಕಡಿ ಹೊಳ್ಳ್ಯಾವು. ನನ್ನ ಮಗಳು ಎಡಗೈಲೆ ಬರದಾಳ. ಬಲಗೈ ಏನಾಗೈತಿ?" ಎಂದಳು. ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕೆಳಗಿನದನ್ನೂ ಓದಿದೆ, ಯುಗಾದಿಯ ಮಾತಿನ ಸಮೇತ. ಅವಳು ಅಳಲಿಲ್ಲ. "ನನಗ ಗೊತ್ತಾಗೇತಿ ಅಂತ ಬರೀಬ್ಯಾಡ. ಆಕಿಗೆ ಅಷ್ಟು ಸಮಾಧಾನರ ಇರಲಿ" ಎಂದಷ್ಟೇ ಹೇಳಿದಳು.

ಯಮನೂರಪ್ಪನ ಹರಕೆ ತೀರಿಸಲು ಹೋಗುತ್ತೇವೆ ಎಂದು ಎಲ್ಲರಿಗೂ ಹೇಳಿ ಗುರುವಾರ ನಾವಿಬ್ಬರೂ ನಿನ್ನ ಹತ್ತಿರ ಮುಂಬಯಿಗೆ ಬರಲು ಕೊಪ್ಪಳದಲ್ಲಿ ರೈಲು ಹತ್ತುತ್ತೇವೆ. ಬಾಚಣಿಗೆ, ರಿಬ್ಬನ್ನು ಆಗಲೇ ಗಂಟಿನಲ್ಲಿ ಕಟ್ಟಿದ್ದಾಳೆ. ನಾವು ಬಂದಾಗ ಸಿಂಗಾಪುರದ ಮಾತು ಆಡಬೇಡ.

ಇನ್ನೊಂದು ಹೇಳಬೇಕು. ಕಾಗದ ಬಂದ ಮರುದಿನ ಬೆಳಿಗ್ಗೆ ಅವಳು ಮನೆಯಲ್ಲಿರಲಿಲ್ಲ. ಕ್ಲಬ್ಬಿಗೆ ಹೋಗಿ ನೋಡಿದೆ. ಬಲಗೈಯನ್ನು ಸೆರಗಿನಲ್ಲಿ ಬೆನ್ನಿಗೆ ಬಿಗಿದುಕೊಂಡು, ಊಟಕ್ಕೂ ಶುಭಕ್ಕೂ ಚಾಚದ ಎಡಗೈಯಿಂದ ಅಂಕಣ ಸಾರಿಸುತ್ತಿದ್ದಳು. ಬಿಸಿಲು ಏರಿದ್ದರೂ ಅರ್ಧ ಮುಗಿದಿರಲಿಲ್ಲ. ಗೆರೆಗಳೆಲ್ಲ ನಿನ್ನ ಅಕ್ಷರದಂತೆಯೇ ಆ ಕಡೆಗೆ ಹೊರಳಿದ್ದವು. ಅಳು ತಡೆಯಲಾರದೆ ಸೆರಗಿನ ಗಂಟು ಬಿಚ್ಚಲು ಹೋದೆ. ಬಿಡಲಿಲ್ಲ. "ಆಕಿ ಅಷ್ಟುದ್ದ ಬರದಾಳ," ಎಂದಳು, "ನನಗ ಇಷ್ಟು ಸಾರಸಾಕ ಆಗಂಗಿಲ್ಲೇನ?"